ಪದ ಎತ್ತಿಕೊಳ್ಳುವವರು

ಹಾಡಲು ಆಸಕ್ತಿ ಇರುವ ಯಾರು ಬೇಕಾದರೂ ಬರಬಹುದು ಎಂದು ಬರೆದಿದ್ದರು. ಆ ‘ಯಾರು ಬೇಕಾದರೂ’ ಎಂಬ ಮಾತಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಯಾರು ಬೇಕಾದರೂ ಬರಬಹುದು ಅಂದ ಮೇಲೆ ಬಂದವರನ್ನು ಹಾಡಿಸಿ ನೋಡಿ ಆರಿಸುವುದು ಯಾಕೆ? ಊಟಕ್ಕೆ ಕರೆದು, ಎಲೆ ಹಾಕುವ ಮೊದಲು ಬಾಯಿ ತೆರೆಸಿ ಹಲ್ಲು ನೋಡಿದ ಹಾಗಾಯಿತು. ಅದಕ್ಕೆ ಆಡಿಷನ್ ಎಂದು ಹೆಸರು ಬೇರೆ.

ಸುದ್ದಿ ಬಂದದ್ದು ನಮ್ಮ ಸ್ವಸಹಾಯ ಸಂಘದ ವಾಟ್ಸಾಪ್ ಗುಂಪಿಗೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನವರನ್ನು ಸೇರಿಸಿ ಒಂದು ವೃಂದಗಾನದ ತಂಡ ಕಟ್ಟುತ್ತಾರಂತೆ, ವಯಸ್ಸಿನ ಮಿತಿ ಇಲ್ಲವಂತೆ, ಸಂಗೀತ ಕಲಿತಿರಬೇಕೆಂದೇನೂ ಇಲ್ಲವಂತೆ. ತೀರ್ಥಹಳ್ಳಿಯ ಆಡಿಷನ್ ಸಂಕ್ರಾಂತಿ ಕಳೆದ ಮೇಲಿನ ಭಾನುವಾರ. ಗುಂಪಿನಲ್ಲಿದ್ದ ಹೆಂಗಸರೆಲ್ಲ ಕೈ ಮುಗಿಯುವ ಚಿತ್ರ ಹಾಕಿ ಸುಮ್ಮನಾದರು. ನಾನು ಮಾತ್ರ ಅದನ್ನು ಮತ್ತೆ ಮತ್ತೆ ತೆಗೆದು ಓದಿದೆ.

ನನಗೆ ಆ ತಂಡಕ್ಕೆ ಸೇರಲೇಬೇಕಿತ್ತು. ಅದನ್ನು ಹೇಳಿಕೊಳ್ಳಲು ನಾಚಿಕೆ ಇಲ್ಲ. ಮದುವೆಯಾಗಿ ಮಂಡಗದ್ದೆ ಕಡೆಯ ಈ ಊರಿಗೆ ಬಂದಾಗಿನಿಂದ ಸುತ್ತಲಿನ ಮದುವೆ ಮನೆಗಳಲ್ಲಿ ಹಸೆ ಪದ ಹೇಳಿದವಳು ನಾನು. ಹೆಣ್ಣನ್ನು ಹಸೆಯ ಮೇಲೆ ಕೂರಿಸಿ ಅರಿಶಿಣ ಹಚ್ಚುವಾಗ, ಬಳೆ ತೊಡಿಸುವಾಗ, ಗಂಡಿನ ಕಡೆಯವರಿಗೆ ಒಪ್ಪಿಸಿಕೊಡುವಾಗ, ಒಂದೊಂದಕ್ಕೂ ಒಂದೊಂದು ಪದ. ಮೊದಲೆಲ್ಲ ನಮ್ಮನ್ನು ಕರೆಯಲು ಕುಂಕುಮ ಹಿಡಿದು ಮನೆಗೆ ಬರುತ್ತಿದ್ದರು. ಈಗ ಕಲ್ಯಾಣ ಮಂಟಪದಲ್ಲಿ ಎದೆ ನಡುಗಿಸುವ ಸ್ಪೀಕರ್ ಇರುತ್ತದೆ. ಹೋದ ವರ್ಷ ಒಂದು ಮದುವೆಯಲ್ಲಿ ಕ್ಯಾಮರಾದವನು ಬಂದು, “ಆಂಟಿ, ಎರಡು ಲೈನ್ ಹಾಡ್ಬಿಡಿ, ವಿಡಿಯೋಗೆ ಬೇಕು” ಎಂದ. ಹಾಡಿದೆವು. ಮೂರನೆಯ ಸಾಲಿಗೆ ಅವನು ಕೈ ಎತ್ತಿ “ಸಾಕು ಸಾಕು” ಎಂದು ಆ ಕಡೆ ತಿರುಗಿದ. ಮದುಮಗಳು ಇನ್ನೂ ಹಸೆಯ ಮೇಲೇ ಇದ್ದಳು, ಅರಿಶಿಣ ಅರ್ಧ ಕೆನ್ನೆಗೆ ಆಗಿತ್ತು. ಅವತ್ತು ಊಟ ಮಾಡದೆ ಬಂದೆ. ಹಾಡು ಕೇಳಲೆಂದೇ ಜನ ಬಂದು ಕೂತಿರುವ ಜಾಗದಲ್ಲಿ ಒಂದು ಸಲವಾದರೂ ಪೂರ್ತಿ ಹಾಡಬೇಕು, ಅದೂ ನನ್ನ ದನಿ ಚೆನ್ನಾಗಿದೆ ಎಂದು ಯಾರೋ ಗುರುತಿಸಿ ಕರೆದು ಹಾಡಿಸಬೇಕು ಎಂದು ಹಟ ಹಿಡಿದದ್ದು ಅಲ್ಲಿಂದ.

ಹಸೆ ಪದವನ್ನು ಒಬ್ಬರೇ ಹೇಳುವುದಿಲ್ಲ. ಅದಕ್ಕೆ ಎರಡು ಬಾಯಿ ಬೇಕು. ಒಬ್ಬರು ಸಾಲು ಶುರು ಮಾಡುತ್ತಾರೆ, ಇನ್ನೊಬ್ಬರು ಅದೇ ಸಾಲನ್ನು ಎತ್ತಿಕೊಳ್ಳುತ್ತಾರೆ. ಮೊದಲಿನವರು ಸಾಲಿನ ಕೊನೆಯ ಮಾತು ಬಿಡುವ ಮುಂಚೆಯೇ ಎರಡನೆಯವರ ದನಿ ಅದರೊಳಗೆ ಸೇರಿರಬೇಕು. ಅವರು ಹೇಳುತ್ತಿರುವಾಗ ಮೊದಲಿನವರು ಉಸಿರು ಎಳೆದುಕೊಂಡು ಮುಂದಿನ ಸಾಲು ನೆನಪು ಮಾಡಿಕೊಳ್ಳಬೇಕು. ಹೆಣ್ಣು ಹಸೆಯ ಮೇಲಿಂದ ಏಳುವವರೆಗೂ ಪದ ನಡುವೆ ತುಂಡಾಗಬಾರದು, ಅದು ಒಳ್ಳೆಯದಲ್ಲ ಎಂದು ನಮ್ಮಲ್ಲಿ ನಂಬಿಕೆ. ಶುರು ಮಾಡುವವಳು ನಾನು. ಎತ್ತಿಕೊಳ್ಳುವವರು ಅಕ್ಕಯ್ಯ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ವಾರಗಿತ್ತಿ. ಮೊದಲು ಅವರು ನಮ್ಮ ಅತ್ತೆಗೆ ಎತ್ತಿಕೊಳ್ಳುತ್ತಿದ್ದರು. ಅತ್ತೆಯ ದನಿ ಇಳಿದ ಮೇಲೆ ಶುರು ಮಾಡುವ ಸರದಿ ನ್ಯಾಯವಾಗಿ ಅವರದೇ. ಅವರು ಮುಂದೆ ಬರಲಿಲ್ಲ, ಆಗಿನ್ನೂ ಹೊಸಬಳಾಗಿದ್ದ ನನ್ನನ್ನು ಮುಂದೆ ತಳ್ಳಿದರು. ಹಿಸ್ಸೆಯಾಗಿ ಒಲೆ ಬೇರೆ ಆದರೂ ನಮ್ಮ ಎರಡು ಮನೆಗೂ ಅಂಗಳ ಒಂದೇ, ಪದವೂ ಒಂದೇ ಆಗಿ ಉಳಿದಿತ್ತು.

ಆಡಿಷನ್‌ಗೆ ಅಕ್ಕಯ್ಯ ಬಂದದ್ದು ನನ್ನ ಜೊತೆಗೆ ಅಷ್ಟೆ. “ನಂಗೆಂತಕ್ಕೆ ಅದೆಲ್ಲ ಮಾರಾಯ್ತಿ, ನೀ ಹಾಡು, ನಾ ಹೊರಗೆ ಕೂತ್ಕಂಡಿರ್ತೀನಿ” ಎಂದರು. ಬಸ್ಸಿನಲ್ಲಿ ನಾನು ಮನಸ್ಸಿನೊಳಗೇ ಪದ ಹೇಳಿಕೊಳ್ಳುತ್ತಿದ್ದೆ. ಅವರು ಕಿಟಕಿಯಲ್ಲಿ ಹೊಳೆ ನೋಡುತ್ತಿದ್ದರು.

ತೀರ್ಥಹಳ್ಳಿಯ ಆ ಸಭಾಭವನದಲ್ಲಿ ದೊಡ್ಡ ಹಾಲ್ ಖಾಲಿ ಬಿದ್ದಿತ್ತು. ಆಡಿಷನ್ ನಡೆಸುತ್ತಿದ್ದದ್ದು ಪಕ್ಕದ ಸಣ್ಣ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಬಾಗಿಲ ಹೊರಗೆ ಉದ್ದ ಬೆಂಚು. ಅದರ ತುಂಬ ಕಾಲೇಜು ಹುಡುಗಿಯರು, ನಿವೃತ್ತರಾದ ಟೀಚರುಗಳು, ಬ್ಯಾಂಕಿನವರೊಬ್ಬರು. ಒಬ್ಬೊಬ್ಬರೂ ಕೈಯಲ್ಲಿ ಫೋನು ಹಿಡಿದು ಸಣ್ಣದಾಗಿ ಗುನುಗುತ್ತಿದ್ದರು. ಯಾರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಮದುವೆ ಮನೆಯಲ್ಲಿ ಹಾಡಲು ಬಂದವರು ಮೊದಲು ಎಲೆಯಡಿಕೆ ತಟ್ಟೆ ಎಳೆದುಕೊಂಡು ಊರ ಸುದ್ದಿ ಮಾತಾಡುತ್ತೇವೆ. ಇಲ್ಲಿ ಒಬ್ಬರಿಗೊಬ್ಬರು ಎದುರಾಳಿಗಳು. ಅದನ್ನು ನೋಡಿಯೇ ನನಗೆ ಒಂದು ಥರ ಆಯಿತು.

ನನ್ನ ಸರದಿ ಬಂತು. ಅಲ್ಲಿಂದ ಮುಂದೆ ನಡೆದದ್ದನ್ನು ನಾನು ಊರಿಗೆಲ್ಲ ಹೇಳಿದ್ದು ಹೀಗೆ.

ಒಳಗೆ ಮೇಜಿನ ಹಿಂದೆ ಇಬ್ಬರಿದ್ದರು. ಒಬ್ಬರು ತಂಡದ ಮೇಷ್ಟರು, ಸಾಗರದವರು, ನನ್ನ ತಮ್ಮನ ವಯಸ್ಸು, ಚೆನ್ನಾಗಿ ಇಸ್ತ್ರಿ ಮಾಡಿದ ಜುಬ್ಬ. ಇನ್ನೊಬ್ಬರು ಸಂಗೀತದ ಟೀಚರ್. ಕೂರಲು ಕುರ್ಚಿ ಇರಲಿಲ್ಲ. “ಹಾಡುವವರು ನಿಂತ್ಕೊಂಡೇ ಹಾಡಬೇಕು ಮೇಡಂ, ಉಸಿರು ಚೆನ್ನಾಗಿ ಸಿಗುತ್ತೆ” ಎಂದರು ಮೇಷ್ಟರು. ಇಷ್ಟು ವರ್ಷ ಚಾಪೆಯ ಮೇಲೆ ಕೂತು ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಹಾಡಿದವಳಿಗೆ ಉಸಿರಿನ ಪಾಠ! ಮೇಜಿನ ಮೇಲಿದ್ದ ಫೋನಿನಲ್ಲಿ ಶ್ರುತಿ ಹಾಕಿದರು. ಅದು ಗುಂಯ್ ಎನ್ನುತ್ತಿತ್ತು. “ಇದಕ್ಕೆ ಸೇರಿಸಿ ಹಾಡಿ.”

ನಾನು ಹಸೆಗೆ ಕರೆಯುವ ಪದ ಶುರು ಮಾಡಿದೆ. ಮೊದಲ ಸಾಲು ಹೇಳಿದೆ. ಸಾಲಿನ ಕೊನೆಗೆ ನಿಲ್ಲಿಸಿದೆ. ನಿಲ್ಲಿಸಲೇಬೇಕು, ಅದು ಪದ್ಧತಿ, ಎತ್ತಿಕೊಳ್ಳುವವರಿಗೆ ಜಾಗ ಬಿಡಬೇಕು. ಆ ಕೋಣೆಯಲ್ಲಿ ಎತ್ತಿಕೊಳ್ಳುವವರು ಯಾರೂ ಇಲ್ಲ ಎಂಬುದು ನನಗೆ ಹೊಳೆಯುವ ಮೊದಲೇ ಮುಚ್ಚಿದ ಬಾಗಿಲ ಆಚೆಯಿಂದ ಅಕ್ಕಯ್ಯ ಎತ್ತಿಕೊಂಡರು. ಬೆಂಚಿನ ಮೇಲೆ ಕೂತಲ್ಲಿಂದಲೇ, ಜೋರಾಗಿ, ಪೂರ್ತಿ ಸಾಲು.

ಹೊರಗೆ ಹುಡುಗಿಯರು ಕಿಸಕ್ಕನೆ ನಕ್ಕರು. ಸಂಗೀತದ ಟೀಚರ್ ಬಾಯಿಗೆ ಕೈ ಅಡ್ಡ ಹಿಡಿದರು. ಮೇಷ್ಟರು ಮಾತ್ರ ನಗಲಿಲ್ಲ.

“ಸಾಲು ಮರೆತುಹೋಯ್ತಾ ಮೇಡಂ? ಹೊರಗಿಂದ ಹೇಳಿಕೊಡೋ ಹಾಗಿಲ್ಲ.”

“ಹೇಳಿಕೊಟ್ಟಿದ್ದಲ್ಲ ಸರ್. ಎತ್ಕಂಡಿದ್ದು. ನಮ್ಮ ಪದ ಇರೋದೇ ಹಂಗೆ.”

“ಇಲ್ಲಿ ಒಬ್ಬೊಬ್ಬರ ದನಿ ನೋಡ್ಬೇಕಲ್ಲ. ನೀವೊಬ್ಬರೇ ಮುಂದುವರಿಸಿ.”

ನಾನು ಮುಂದುವರಿಸಲಿಲ್ಲ. ಮುಖ ಬಿಸಿಯಾಗಿತ್ತು. ಮೇಷ್ಟರು ಎದ್ದು ಹೋಗಿ ಬಾಗಿಲು ತೆಗೆದರು. “ಈಗ ಹಾಡಿದ್ದು ಯಾರು?” ಎಂದರು. ಅಕ್ಕಯ್ಯ ಸೆರಗು ಸರಿ ಮಾಡಿಕೊಂಡು, ತಪ್ಪಾಯಿತೆಂಬಂತೆ ಎದ್ದು ನಿಂತರು. “ಬನ್ನಿ ಒಳಗೆ. ಇನ್ನೊಂದು ಸಲ ಹೇಳಿ ಅದನ್ನ.” ಅಕ್ಕಯ್ಯ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಅವರು ಆ ಒಂದೇ ಸಾಲನ್ನು ಹೇಳಿದರು. ಮೇಷ್ಟರು ಟೀಚರ್ ಕಡೆ ತಿರುಗಿ, “ಶ್ರುತಿ ನೋಡಿ, ಅಲ್ಲಾಡಲ್ಲ” ಎಂದರು. ಟೀಚರ್ ತಲೆದೂಗಿದರು. ಮೇಷ್ಟರು ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, “ನೀವು ಇನ್ನೂ ಸ್ವಲ್ಪ ಪ್ರಾಕ್ಟೀಸ್ ಮಾಡಿ, ಎರಡು ವಾರಕ್ಕೆ ಹೊಸನಗರದಲ್ಲೂ ಆಡಿಷನ್ ಇದೆ, ಬನ್ನಿ” ಎಂದರು. ಅಕ್ಕಯ್ಯನಿಗೆ ಮುಂದಿನ ಭಾನುವಾರದಿಂದಲೇ ಬರಲು ಹೇಳಿದರು.

ಅಕ್ಕಯ್ಯ ಬೇಡ ಎನ್ನುತ್ತಾರೆ ಎಂದು ನಾನು ಎದೆ ಮುಟ್ಟಿಕೊಂಡು ಹೇಳಬಲ್ಲವಳಾಗಿದ್ದೆ. ಅವರು “ಆಯ್ತು ಸರ್” ಎಂದರು. ಅವರು “ಆಯ್ತು ಸರ್” ಎಂದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಬೇಕೆಂದೇ ಮುಂದಿನ ಸೀಟಿನಲ್ಲಿ ಬೇರೊಬ್ಬರ ಪಕ್ಕ ಕೂತೆ. ಮನೆಗೆ ಬಂದರೆ ಗಂಡ ಜಗಲಿಯಲ್ಲೇ ಕಾಯುತ್ತಿದ್ದರು. “ಏನಮ್ಮ, ಅತ್ತಿಗೆ ಪಾಸ್, ನೀನು ಫೇಲ್ ಅಂತೆ?” ಎಂದು ನಕ್ಕರು. ನಾನು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಸುದ್ದಿ ಅಷ್ಟರಲ್ಲಿ ಬಂದಿತ್ತು. ಅವತ್ತು ರಾತ್ರಿಯ ಸಾರಿಗೆ ಉಪ್ಪು ಹಾಕಲಿಲ್ಲ. ಮರೆತದ್ದಲ್ಲ.

ಮರುದಿನದಿಂದ ಸಿಕ್ಕಿದವರಿಗೆಲ್ಲ ಹೇಳಿದೆ. ಹಾಲು ಡೈರಿಯಲ್ಲಿ ಹೇಳಿದೆ, ಸಂಘದ ಸಭೆಯಲ್ಲಿ ಹೇಳಿದೆ, ಅಂಗಡಿಯಲ್ಲಿ ಹೇಳಿದೆ. ನಾನು ಪದ್ಧತಿ ಪ್ರಕಾರ ನಿಲ್ಲಿಸಿದೆ, ಅಕ್ಕಯ್ಯ ಸುಮ್ಮನಿರಲಾರದೆ ಹೊರಗಿಂದ ಬಾಯಿ ಹಾಕಿದರು, ಅದರಿಂದ ನಾನು ಕೆಟ್ಟೆ. ಅವರು ಬಾಯಿ ಮುಚ್ಚಿಕೊಂಡು ಕೂತಿದ್ದರೆ ನಾನು ಎರಡನೇ ಸಾಲು ಹೇಳುತ್ತಿದ್ದೆ, ಮೂರನೇದು ಹೇಳುತ್ತಿದ್ದೆ, ಪೂರ್ತಿ ಪದವೇ ಹೇಳುತ್ತಿದ್ದೆ. ಕೇಳಿದವರು ಅಯ್ಯೋ ಪಾಪ ಎಂದರು. ಕೆಲವರು ಹೋಗಿ ಅಕ್ಕಯ್ಯನನ್ನೇ ಕೇಳಿದರು. “ಹೌದು ಮಾರಾಯ್ರೆ, ನನ್ನ ಬಾಯಿ ಸುಮ್ನಿರಲ್ಲ. ಅಭ್ಯಾಸ ನೋಡಿ” ಎಂದರಂತೆ. ಆ ಉತ್ತರ ಕೇಳಿ ನನಗೆ ಇನ್ನಷ್ಟು ಉರಿಯಿತು. ತಪ್ಪು ಒಪ್ಪಿಕೊಂಡವರ ಹತ್ತಿರ ಜಗಳವಾಡುವುದು ಹೇಗೆ?

ಹೊಸನಗರಕ್ಕೂ ಹೋದೆ. ಯಾರಿಗೂ ಹೇಳಲಿಲ್ಲ, ಅಣ್ಣನ ಮಗಳ ಮನೆಗೆ ಎಂದು ಹೇಳಿ ಹೊರಟೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಹಸಿವಾಗಿತ್ತು, ಹೋಟೆಲಿಗೆ ಹೋಗಿ ಬನ್ಸ್ ತಿಂದೆ, ಕಾಫಿ ಕುಡಿದೆ. ಎರಡನೇ ಕಾಫಿಯನ್ನೂ ಕುಡಿದೆ. ಅಷ್ಟು ಹೊತ್ತಿಗೆ ಆಡಿಷನ್ ಮುಗಿದಿರುತ್ತದೆ ಅನಿಸಿತು. ತೀರ್ಥಹಳ್ಳಿ ಬಸ್ಸು ಬಂದು ನಿಂತಿತ್ತು, ಹತ್ತಿದೆ. ದಾರಿಯುದ್ದಕ್ಕೂ ಆ ಮೇಷ್ಟರನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದೆ.

ಪ್ರತಿ ಭಾನುವಾರ ಬೆಳಿಗ್ಗೆ ಅಕ್ಕಯ್ಯ ಹೊರಡುವುದು ನಮ್ಮ ಅಡುಗೆಮನೆ ಕಿಟಕಿಯಿಂದ ಕಾಣುತ್ತಿತ್ತು. ಮದುವೆಗೆಂದು ಎತ್ತಿಟ್ಟಿದ್ದ ಸೀರೆಗಳನ್ನು ಒಂದೊಂದಾಗಿ ತೆಗೆದರು. ಭಾವ ಅವರನ್ನು ಬೈಕಿನಲ್ಲಿ ಮುಖ್ಯರಸ್ತೆವರೆಗೆ ಬಿಟ್ಟು ಬರುತ್ತಿದ್ದರು. ನನ್ನ ಜೊತೆ ಮದುವೆಗೆ ಹೊರಟಾಗ ಈ ಭಾವ ಒಂದು ದಿನ ಬೈಕು ತೆಗೆದವರಲ್ಲ. ಸಂಜೆಯ ಹೊತ್ತು ಅವರ ಮನೆಯಿಂದ ಸರಿಗಮ ಕೇಳುತ್ತಿತ್ತು. ಅಕ್ಕಿ ಆರಿಸುತ್ತ ಕೂತವಳು ನಾನು ಟಿವಿಯ ದನಿ ಹೆಚ್ಚು ಮಾಡುತ್ತಿದ್ದೆ. ಅಂಗಳದಲ್ಲಿ ಎದುರಾದಾಗ “ಊಟ ಆಯ್ತನೆ?” ಎನ್ನುತ್ತಿದ್ದರು. “ಆಯ್ತು” ಎನ್ನುತ್ತಿದ್ದೆ. ಮದುವೆಯ ಕಾಲ ಶುರುವಾಗಿ ಒಂದೆರಡು ಕಡೆಯಿಂದ ಪದ ಹೇಳಲು ಕರೆದರು. ನನಗೆ ಗಂಟಲು ಸರಿಯಿಲ್ಲ ಎಂದು ಹೇಳಿ ಕಳಿಸಿದೆ. ಅಕ್ಕಯ್ಯ ತಾವೊಬ್ಬರೇ ಹೋಗಲಿಲ್ಲ.

ಅವರು ಯಾಕೆ ಹೋಗಲಿಲ್ಲ ಎಂಬುದು ಗೊತ್ತಾದದ್ದು ಏಪ್ರಿಲ್ಲಿನ ಒಂದು ಶನಿವಾರ. ಬಿಸಿಲಿಗೆ ಹಾಕಿದ್ದ ಹಲಸಿನ ಹಪ್ಪಳ ತೆಗೆಯುತ್ತಿದ್ದೆ. ಅಕ್ಕಯ್ಯ ಬಂದು ಕೇಳದೆಯೇ ಇನ್ನೊಂದು ತುದಿಯಿಂದ ತೆಗೆಯತೊಡಗಿದರು.

“ಸರ್ ಹೇಳಿದಾರೆ, ಎಲ್ರೂ ಅವರವರ ಕಡೆ ಹಾಡು ಒಂದೊಂದು ತರ್ಬೇಕಂತೆ” ಎಂದರು. “ನಾನು ಹಸೆಗೆ ಕರೆಯೋ ಪದ ಹೇಳ್ತೀನಿ ಅಂದ್ಬಿಟ್ಟೆ.”

“ಹೇಳಿ. ಯಾರು ಬೇಡ ಅಂದ್ರು?”

“ಶುರು ಆಗಲ್ಲ ಕಣೇ. ನಾಲ್ಕು ದಿನ ಆಯ್ತು, ಒಂದು ಸಾಲೂ ಬಾಯಿಗೆ ಬರಲ್ಲ. ಆವತ್ತು ಸರ್ ಎದುರು ಹೇಳಿದ್ದೂ ನೀ ಆಗಷ್ಟೆ ಶುರು ಮಾಡಿದ್ಯಲ, ಅದ್ಕೆ. ನೀ ಹೇಳಿದ್ರೆ ಎಲ್ಲ ಬತ್ತದೆ. ನೀ ಇಲ್ದೆ ಒಂದೂ ಬರಲ್ಲ.”

ನಾನು ಹಪ್ಪಳದ ಮೇಲಿಂದ ತಲೆ ಎತ್ತಿದೆ. ಇಷ್ಟು ವರ್ಷ ಅವರಿಗೆ ಪದಗಳೆಲ್ಲ ಬಾಯಿಪಾಠ ಎಂದುಕೊಂಡಿದ್ದೆ. ಅವರು ಪ್ರತಿ ಸಾಲನ್ನೂ ನನ್ನ ಬಾಯಿಂದ ತೆಗೆದುಕೊಂಡು ಹೇಳಿದ್ದರು, ಅದಕ್ಕೂ ಮೊದಲು ಅತ್ತೆಯ ಬಾಯಿಂದ. ಅವರಾಗಿ ಯಾವ ಪದವನ್ನೂ ಒಂದು ದಿನ ಶುರು ಮಾಡಿದವರಲ್ಲ. ಆ ಇಸ್ತ್ರಿ ಜುಬ್ಬದ ಮೇಷ್ಟರಿಗೆ ಇದು ಗೊತ್ತಾಗಬೇಕಿತ್ತು ಅನಿಸಿತು. ನನ್ನ ಹೊಟ್ಟೆ ತಣ್ಣಗಾಯಿತು.

“ಮೊದ್ಲ ಸಾಲು ಹೇಳ್ಕೊಡೆ. ಹಿಡ್ಕಂಡು ಹೋಗ್ತೀನಿ.”

“ಹೊರಗಿಂದ ಹೇಳಿಕೊಡೋ ಹಾಗಿಲ್ವಂತಲ್ಲ ಅಕ್ಕಯ್ಯ, ನಿಮ್ಮ ಸರ್ರೇ ಹೇಳಿದಾರೆ.”

ಅವರು ಉಳಿದ ಹಪ್ಪಳವನ್ನೂ ತೆಗೆದು, ಜೋಡಿಸಿ, ಮೊರದಲ್ಲಿಟ್ಟು ಹೋದರು.

ಮರುದಿನ ಅವರು ಮತ್ತೆ ಬಂದು ಕೇಳುತ್ತಾರೆ ಎಂದು ಬೆಳಿಗ್ಗೆಯಿಂದ ಕಾದೆ. ಎರಡನೇ ಸಲ ಕೇಳಿದರೆ ಹೇಳಿಕೊಡೋಣ ಎಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಅವರು ಅಂಗಳ ದಾಟಿ ಸೀದಾ ಬೈಕು ಹತ್ತಿ ಹೋದರು. ಕಡುಬು ಬೇಯಲು ಇಟ್ಟಿದ್ದೆ, ಹಬೆ ಬರುತ್ತಿತ್ತು. ಪದವೇ ಇಲ್ಲದೆ ಹೋಗುತ್ತಿದ್ದಾರಲ್ಲ ಈ ಹೆಂಗಸು, ಅಷ್ಟು ಜನರೆದುರು ಬಾಯಿ ಬಿಟ್ಟು ನಿಲ್ಲುತ್ತಾರಲ್ಲ, ಇನ್ನೊಂದು ಸಲ ಕೇಳಿದ್ದರೆ ಗಂಟೇನು ಹೋಗುತ್ತಿತ್ತು ಎಂದು ಸಿಟ್ಟು ನೆತ್ತಿಗೇರಿತು. ಗಂಡನಿಗೆ “ಕಡುಬು ಇಳಿಸ್ಕಳಿ” ಎಂದು ಕೂಗಿ, ಉಟ್ಟ ಸೀರೆಯಲ್ಲೇ ರಸ್ತೆಗೆ ಬಂದು ಮುಂದಿನ ಬಸ್ಸು ಹಿಡಿದೆ.

ಸಭಾಭವನದ ದೊಡ್ಡ ಹಾಲಿನಲ್ಲಿ ತಂಡದವರೆಲ್ಲ ಸಾಲಾಗಿ ನಿಂತಿದ್ದರು. ಅವರ ಎದುರು ಅಕ್ಕಯ್ಯ ಒಬ್ಬರೇ, ಮೈಕಿನ ಮುಂದೆ. ಕೈಯಲ್ಲಿ ಸೆರಗಿನ ತುದಿ ಸುತ್ತುತ್ತ ಬಿಚ್ಚುತ್ತ ಇದ್ದರು. ಶ್ರುತಿ ಗುಂಯ್ ಎನ್ನುತ್ತಿತ್ತು. ನಾನು ಒಳಗೆ ಕಾಲಿಡುವಾಗ ಮೇಷ್ಟರು, “ಪರವಾಗಿಲ್ಲ ಅಮ್ಮ, ನೀವು ಕೂತ್ಕೊಳ್ಳಿ. ಬೇರೆಯವರು ಯಾರಾದ್ರೂ ಹಾಡ್ತಾರೆ” ಎಂದರು. ಮಾತು ಮೆತ್ತಗೇ ಇತ್ತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ನನ್ನ ಅಕ್ಕಯ್ಯನಿಗೆ ಕೂತ್ಕೊಳ್ಳಿ ಎನ್ನಲು ಇವರು ಯಾರು? ನಾನು ಸೀದಾ ಮುಂದೆ ಹೋದೆ.

“ಸರ್, ಅವರಿಗೆ ಶುರು ಮಾಡಿ ಅಭ್ಯಾಸ ಇಲ್ಲ. ಆವತ್ತೇ ನಿಮ್ಗೆ ಹೇಳ್ದೆ, ಇದು ಇಬ್ರು ಹೇಳೋ ಪದ ಅಂತ. ಒಂದು ಎತ್ತು ಹೊಡ್ಕಂಡೋಗಿ ಉಳಲ್ಲ ಯಾಕೆ ಅಂತ ಕೇಳಿದ್ರೆ ಅದೆಂತ ಹೇಳ್ತದೆ? ಅರ್ಧ ಹಾಡನ್ನ ನೀವು ಆರಿಸ್ಕಂಡ್ರಿ, ಅರ್ಧ ಹೊರಗೆ ಕಳಿಸಿದ್ರಿ. ಈಗ ಹಾಡಿ ಅಂದ್ರೆ?”

ಮೇಷ್ಟರ ಮುಖ ಕೆಂಪಾಯಿತು. ಬೈಯುತ್ತಾರೆ, ಹೊರಗೆ ಹೋಗಿ ಎನ್ನುತ್ತಾರೆ ಎಂದುಕೊಂಡೆ, ಅದಕ್ಕೆ ಕೊಡುವ ಉತ್ತರವನ್ನೂ ಬಸ್ಸಿನಲ್ಲೇ ತಯಾರು ಮಾಡಿಟ್ಟುಕೊಂಡಿದ್ದೆ. ಅವರು ಹಾಗೆ ಅನ್ನಲಿಲ್ಲ. ಸ್ವಲ್ಪ ಹೊತ್ತು ನಮ್ಮಿಬ್ಬರನ್ನೂ ನೋಡಿ, “ಹಾಗಾದ್ರೆ ಇಬ್ಬರೂ ಸೇರಿ ತೋರಿಸಿ” ಎಂದರು.

“ನಿಂತು ಹೇಳಲ್ಲ” ಎಂದೆ. “ಆ ಶ್ರುತಿ ನಿಲ್ಸಿ.”

ನಿಲ್ಲಿಸಿದರು. ಯಾರೋ ಜಮಖಾನ ತಂದು ಹಾಸಿದರು. ಅಕ್ಕಯ್ಯ ನನ್ನ ಪಕ್ಕ, ಯಾವಾಗಲೂ ಕೂರುವ ಬಲಗಡೆ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ನಾನು ಶುರು ಮಾಡಿದೆ. ಸಾಲಿನ ಕೊನೆಯ ಮಾತು ನನ್ನ ಬಾಯಲ್ಲಿರುವಾಗಲೇ ಅವರು ಎತ್ತಿಕೊಂಡರು. ಎಷ್ಟೋ ವಾರದಿಂದ ಇಬ್ಬರೂ ಸೇರಿ ಹೇಳಿರಲಿಲ್ಲ. ಒಂದು ಸಾಲೂ ತಪ್ಪಲಿಲ್ಲ. ಹೆಣ್ಣು ಒಳಗಿಂದ ಹೊರಡುವುದು, ತಾಯಿ ತಲೆ ಬಾಚಿ ಕಳಿಸುವುದು, ಹೊಸಿಲು ದಾಟುವುದು, ಹಸೆಯ ಮೇಲೆ ಕೂರುವುದು, ಅಷ್ಟನ್ನೂ ಹೇಳಿದೆವು. ಕ್ಯಾಮರಾದವನಿರಲಿಲ್ಲ, ಸಾಕು ಎನ್ನುವವರಿರಲಿಲ್ಲ. ಮುಗಿಸಿ ತಲೆ ಎತ್ತಿದಾಗ ಆ ಕಾಲೇಜು ಹುಡುಗಿಯರೂ ನೆಲದ ಮೇಲೆ ಕೂತಿದ್ದರು.

ಮೇಷ್ಟರು ಮೊದಲು ಕೇಳಿದ್ದು ಇದು ಯಾವ ತಾಳ ಎಂದು. ನನಗೆ ಗೊತ್ತಿಲ್ಲ ಎಂದೆ. ಅವರು ಬೆರಳಲ್ಲಿ ಎಣಿಸಿ ನೋಡಿದರು, ಎರಡು ಸಲ ತಪ್ಪಿದರು. ಆಮೇಲೆ, “ಮೇಡಂ, ನಿಮಗೆ ಆಡಿಷನ್ ಬೇಡ. ಮುಂದಿನ ವಾರದಿಂದ ಬನ್ನಿ. ಈ ಪದವನ್ನು ನೀವಿಬ್ಬರೇ ಹೇಳಿ, ನಾವೆಲ್ಲ ಹಿಂದೆ ಇರ್ತೀವಿ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ನನಗೆ ಬೇಕಾದದ್ದು ಸಿಕ್ಕಿತು ಎಂದು ಯಾರಾದರೂ ಹೇಳಬಹುದು. ನನಗೆ ಹಾಗನ್ನಿಸಲಿಲ್ಲ. ಜೋಡಿಗೆ ಎಂದು ಕರೆದದ್ದು, ಅಕ್ಕಯ್ಯನ ಬಾಲಕ್ಕೆ ಕಟ್ಟಿ ಒಳಗೆ ಬಿಟ್ಟುಕೊಂಡದ್ದು. ನನ್ನ ದನಿಯನ್ನು ಮೇಷ್ಟರು ಒಂಟಿಯಾಗಿ ಕೇಳಲೇ ಇಲ್ಲ. ಬಸ್‌ಸ್ಟ್ಯಾಂಡಿನವರೆಗೆ ನಾನು ಮುಂದೆ, ಅಕ್ಕಯ್ಯ ಹಿಂದೆ ನಡೆದೆವು.

ಬಸ್ಸಿನಲ್ಲಿ ಅಕ್ಕಯ್ಯ ಕಿಟಕಿ ಪಕ್ಕ ಕೂತು ಉಪ್ಪು ಖಾರ ಹಚ್ಚಿದ ಸೌತೆಕಾಯಿ ತಿಂದರು. ನನಗೂ ಕೊಟ್ಟರು, ನಾನು ತೆಗೆದುಕೊಳ್ಳಲಿಲ್ಲ. ಬಸ್ಸು ಊರು ಬಿಟ್ಟು ಹೊರಗೆ ಬಂದ ಮೇಲೆ ಕೇಳಿದರು:

“ಈಗೆಂತಕ್ಕೆ ಮುಖ ಊದಿಸ್ಕಂಡಿದೀಯ? ಕರೆದ್ರಲ್ಲ.”

ಇಷ್ಟು ದಿನ ಊರಿಗೆಲ್ಲ ಹೇಳಿದ್ದನ್ನು ಅವರ ಮುಖಕ್ಕೆ ಹೇಳಿರಲಿಲ್ಲ. ಹೇಳಿದೆ.

“ಆವತ್ತು ನೀವು ಬಾಯಿ ಹಾಕದೆ ಇದ್ದಿದ್ರೆ ನನ್ನನ್ನ ಆವತ್ತೇ ಕರೀತಿದ್ರು. ನನ್ನ ದನಿಗೇ ಕರೀತಿದ್ರು. ನಾನು ಪದ್ಧತಿ ಪ್ರಕಾರ ಸಾಲಿನ ಕೊನೇಲಿ ನಿಲ್ಸಿದ್ದೆ ಅಷ್ಟೆ. ಮುಂದಿನ ಸಾಲು ಬಾಯಲ್ಲೇ ಇತ್ತು. ನಿಮ್ಮಿಂದ ಹೋಯ್ತು.”

ಹಿಂದಿನ ಸೀಟಿನವರು ಮಾತು ನಿಲ್ಲಿಸಿ ಕೇಳುತ್ತಿದ್ದರು. ಅಕ್ಕಯ್ಯ ಸೌತೆಕಾಯಿಯ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿದರು. ಆಮೇಲೆ ನನಗೆ ಮಾತ್ರ ಕೇಳುವ ಹಾಗೆ, ಸಮಾಧಾನವಾಗಿ ಹೇಳಿದರು.

“ಸಾಲಿನ ಕೊನೇಲಿ ನಿಂತಿದ್ರೆ ಅಭ್ಯಾಸ ಅನ್ಬೌದಿತ್ತು. ನೀ ನಿಂತಿದ್ದು ನಡುವಲ್ಲಿ. ಮೊದ್ಲ ಸಾಲೇ ಅರ್ಧ ಆಗಿರ್ಲಿಲ್ಲ, ದನಿ ನಡುಗಿ ನಿಂತೋಯ್ತು. ಬಾಗಿಲು ಹಾಕಿದ್ರೂ ನಂಗೆ ಕೇಳ್ತದೆ ಕಣೇ. ನೀ ಅಲ್ಲಿ ಹಂಗೇ ನಿಂತಿರೋದು ನಂಗೆ ಸಹಿಸ್ಲಿಕ್ಕಾಗ್ಲಿಲ್ಲ. ಅದ್ಕೆ ಎತ್ಕಂಡೆ. ನೀ ಬಿಟ್ಟ ಒಂದು ಮಾತು ಸಾಕಾಯ್ತು, ಉಳಿದಿದ್ದು ತಾನಾಗೇ ಬಂತು.”

ನಾನು ಅಲ್ಲ ಎನ್ನಲು ಬಾಯಿ ತೆರೆದೆ. ಆ ಕೋಣೆ ನೆನಪಾಯಿತು. ಒಣಗಿದ ನಾಲಿಗೆ, ಮೇಜಿನ ಹಿಂದಿನ ನಾಲ್ಕು ಕಣ್ಣು, ಪಕ್ಕದಲ್ಲಿ ತಾಗದ ಮೊಣಕಾಲು. ಒಂದೇ ಒಂದು ಮಾತು ಹೊರಬಂದು ಮುಂದಿನದು ಗಂಟಲಲ್ಲೇ ನಿಂತದ್ದು. ಹೊಸನಗರದ ಹೋಟೆಲಿನಲ್ಲಿ ಎರಡು ಕಾಫಿ ಕುಡಿದದ್ದೂ ನೆನಪಾಯಿತು.

“ಮತ್ತೆ ಊರವರು ಕೇಳಿದಾಗ ನಿಮ್ದೇ ತಪ್ಪು ಅಂತ ಯಾಕೆ ಹೇಳಿದ್ರಿ?”

“ನೀ ಹಂಗೆ ಹೇಳಿದ್ಯಲ” ಎಂದರು. “ನೀ ಹೇಳಿದ್ಮೇಲೆ ನಾ ಬೇರೆ ಎಂತ ಹೇಳ್ಲಿ?”

ಆಗ ನನಗೆ ಬಂದ ಸಿಟ್ಟಿನಷ್ಟು ಸಿಟ್ಟು ಆ ಮೇಷ್ಟರ ಮೇಲೂ ಬಂದಿರಲಿಲ್ಲ, ಕ್ಯಾಮರಾದವನ ಮೇಲೂ ಬಂದಿರಲಿಲ್ಲ. ನನ್ನ ಸುಳ್ಳನ್ನು ಇಷ್ಟು ದಿನ ಒಂದಕ್ಷರ ಬಿಡದೆ ಎತ್ತಿಕೊಂಡು ಹೇಳಿದವರು ಪಕ್ಕದಲ್ಲಿ ಕೂತಿದ್ದರು. ನಮ್ಮ ಸ್ಟಾಪು ಬಂತು, ಕಂಡಕ್ಟರ್ ಇಳೀರಿ ಇಳೀರಿ ಎಂದು ಕೂಗಿದ. ಇಬ್ಬರೂ ಇಳಿದೆವು. ಭಾವನಿಗೆ ಫೋನು ಮಾಡಲು ಹೊರಟ ಅಕ್ಕಯ್ಯನನ್ನು ಬೇಡ ಎಂದು ತಡೆದು, ಅವರ ಚೀಲ ನಾನು ಹಿಡಿದುಕೊಂಡು, ಮನೆಯವರೆಗೂ ನಡೆದೆ.